ಸ್ಪ್ರಿಂಗ್ ಹಾಕಿಸಿದ ಎಸ್-ಕ್ಲಾಸ್

ಹಳೆಯ ಐಷಾರಾಮಿ ಕಾರನ್ನು ಅಗ್ಗಕ್ಕೆ ಕೊಂಡು ಮನೆಯಂಗಳದಲ್ಲೇ ಸರಿಮಾಡಿಕೊಳ್ಳುವ ಪರಿಪಾಠಕ್ಕೆ ಈಚೆಗೆ ಸಿಗುತ್ತಿರುವ ಹೊಗಳಿಕೆ ಬಹುಪಾಲು ತಪ್ಪು ಕಾರಣಕ್ಕೆ ಸಿಗುತ್ತಿದೆ. ಹೊಗಳುವವರು ಮೊದಲು ಬೆಲೆ ಹೇಳುತ್ತಾರೆ: ಒಂದು ಕಾಲಕ್ಕೆ ಅರ್ಧ ಕೋಟಿ ದಾಟಿದ್ದ ಮರ್ಸಿಡಿಸ್ ಈಗ ಹೊಸ ಸಣ್ಣ ಕಾರಿಗಿಂತ ಕಡಿಮೆಗೆ ಬಂತು ಎಂದು. ಆಮೇಲೆ ಹೊಳಪು ತೋರಿಸುತ್ತಾರೆ: ಮಂಕಾಗಿದ್ದ ಹೆಡ್‌ಲೈಟು ಉಜ್ಜಿದ್ದು, ಸೀಟಿನ ಚರ್ಮಕ್ಕೆ ಬಣ್ಣ ಕೊಟ್ಟದ್ದು, ಬಾನೆಟ್ಟಿಗೆ ಪಾಲಿಶ್ ಹೊಡೆದದ್ದು. ಇವೆರಡರ ಬಗ್ಗೆ ದೊಡ್ಡ ತಕರಾರಿಲ್ಲ. ಬೆಲೆ ಇಳಿಸಿದ್ದು ಮಾರುಕಟ್ಟೆ. ಹೊಳಪಿಗೆ ಬೇಕಾದದ್ದು ಒಂದು ರಜೆಯ ದಿನ. ತಕರಾರಿರುವುದು ಮೂರನೆಯದರ ಬಗ್ಗೆ. ಸೋರುತ್ತಿರುವ ಗಾಳಿ ಸಸ್ಪೆನ್ಷನ್ನನ್ನು ಕಿತ್ತು ಅದರ ಜಾಗಕ್ಕೆ ಉಕ್ಕಿನ ಸ್ಪ್ರಿಂಗ್ ಕೂರಿಸುವುದನ್ನು ಮನೆ ರಿಪೇರಿಯ ಪರಮ ಸಾಧನೆ ಎಂದು ಎಲ್ಲರೂ ಒಪ್ಪಿಕೊಂಡಂತಿದೆ. ಲಕ್ಷಗಟ್ಟಲೆ ಉಳಿಯಿತು, ಇನ್ನು ಮುಂದೆ ತಲೆನೋವಿಲ್ಲ, ಕಂಪನಿಯ ಕಿಸೆಗೆ ನಮ್ಮ ದುಡ್ಡು ಹೋಗಲಿಲ್ಲ ಎಂಬ ಮೂರು ಮಾತು ಅದರ ಜೊತೆಗೇ ಬರುತ್ತವೆ. ನನ್ನ ತೀರ್ಮಾನ ಇದಕ್ಕೆ ತದ್ವಿರುದ್ಧ. ಈ ಪರಿಪಾಠದಲ್ಲಿ ಅತ್ಯಂತ ಸೋತ ಕೆಲಸವೆಂದರೆ ಅದೇ. ಹೊಸಪೇಟೆ, ಸಂಡೂರು, ಕಂಪ್ಲಿ, ದರೋಜಿ ಸೀಮೆಯಲ್ಲಂತೂ ಅದನ್ನು ಒಪ್ಪಲು ಯಾವ ನೆಪವೂ ಇಲ್ಲ. ಯಾಕೆಂದರೆ ಗಾಳಿಯ ಸೋರಿಕೆ ಹುಡುಕುವ ವಿದ್ಯೆ ಈ ಸೀಮೆಯಷ್ಟು ದಟ್ಟವಾಗಿ ಇರುವ ಜಾಗಗಳು ನಾಡಿನಲ್ಲಿ ಕಡಿಮೆ.

ಸಂದರ್ಭವನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಿಲ್ಲ. ಚೀನಾ ಅದಿರು ಕೇಳಿದ ವರ್ಷಗಳು, ಅಕ್ರಮ ಗಣಿಗಾರಿಕೆಯ ಬಗ್ಗೆ 2011ರ ಜುಲೈ 27ರ ಲೋಕಾಯುಕ್ತ ವರದಿ, ಅದಾಗಿ ಎರಡೇ ದಿನಕ್ಕೆ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ಹಾಕಿದ ತಡೆ, 2013ರ ಏಪ್ರಿಲ್‌ನಲ್ಲಿ ಅಕ್ರಮ ಅತಿ ಹೆಚ್ಚಿದ್ದ ‘ಸಿ’ ವರ್ಗದ ಗಣಿ ಗುತ್ತಿಗೆಗಳು ರದ್ದಾದದ್ದು, ಎಲ್ಲವೂ ಗೊತ್ತಿರುವುದೇ. ಅದಿರಿಗೆ ಬೇಡಿಕೆಯಿದ್ದ ವರ್ಷಗಳಲ್ಲಿ ಈ ಸೀಮೆಯ ಕೆಎ 34, ಕೆಎ 35 ನಂಬರು ಹೊತ್ತು ರಸ್ತೆಗಿಳಿದ ದೊಡ್ಡ ಕಾರುಗಳು ಕೈಯಿಂದ ಕೈಗೆ ದಾಟುತ್ತ ಈಗ ಮೂರನೆಯ, ನಾಲ್ಕನೆಯ ಮಾಲೀಕರ ಅಂಗಳದಲ್ಲಿವೆ. ಹದಿನೈದು ವರ್ಷದ ನೋಂದಣಿ ಮುಗಿದು ಮತ್ತೆ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕಾದ ವಯಸ್ಸು ಅವಕ್ಕೆ ಬಂದಿದೆ. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಅವುಗಳ ಜೊತೆಗೆ ದೆಹಲಿಯ ಕಾರುಗಳೂ ಸೇರಿಕೊಂಡವು. ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳು, ಹದಿನೈದು ದಾಟಿದ ಪೆಟ್ರೋಲ್ ಕಾರುಗಳು ರಾಜಧಾನಿಯಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಬಂದವು ಇವು. ಹೀಗೆ ಸರಕು ಸಿಕ್ಕಿತು, ಪರಿಪಾಠ ಬೆಳೆಯಿತು. ಬೆಳೆದದ್ದಕ್ಕೆ ಯಾರೂ ಕೊರಗಬೇಕಾಗಿಲ್ಲ. ಗುಜರಿಗೆ ಹೋಗಬೇಕಾದ ಯಂತ್ರವೊಂದು ಇನ್ನೂ ಹತ್ತು ವರ್ಷ ಓಡಿದರೆ ಅದು ಒಳ್ಳೆಯದೇ.

ನಾನು ಚರ್ಚೆಗೆ ಎತ್ತಿಕೊಳ್ಳುವುದು ಡಬ್ಲ್ಯು220 ಎಂಬ ಒಳಹೆಸರಿನ ಎಸ್-ಕ್ಲಾಸನ್ನು. 1998ರಿಂದ 2005ರವರೆಗೆ ತಯಾರಾದ ಈ ಕಾರಿನ ತೂಕ ಸುಮಾರು 1,800 ಕೆಜಿ. ಅಷ್ಟನ್ನೂ ಹೊರುವುದು ನಾಲ್ಕು ಮೂಲೆಯ ನಾಲ್ಕು ರಬ್ಬರ್ ಚೀಲಗಳೊಳಗಿನ ಗಾಳಿ. ಮುಂಭಾಗದಲ್ಲಿ, ಬಂಪರಿನ ಹಿಂದೆ ಒಂದು ಪುಟ್ಟ ಕಂಪ್ರೆಸರ್ ಇದೆ. ಗಾಳಿಯನ್ನು ಯಾವ ಮೂಲೆಗೆ ಎಷ್ಟು ಬಿಡಬೇಕೆಂದು ನಿರ್ಧರಿಸುವ ವಾಲ್ವ್ ಬ್ಲಾಕ್ ಇದೆ. ಕಾರು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಸೆನ್ಸರುಗಳಿವೆ. ಹಿಂದಿನ ಸೀಟಿನಲ್ಲಿ ಮೂವರು ಕೂತರೆ ಹಿಂಭಾಗ ಕುಸಿಯುವುದಿಲ್ಲ, ಗಾಳಿ ತುಂಬಿ ಮಟ್ಟಕ್ಕೆ ಬರುತ್ತದೆ. ವೇಗ ಗಂಟೆಗೆ 140 ಕಿಲೋಮೀಟರ್ ದಾಟಿದರೆ ಕಾರು ತಾನೇ 15 ಮಿಲಿಮೀಟರ್ ತಗ್ಗುತ್ತದೆ. ಕೆಟ್ಟ ರಸ್ತೆ ಬಂದಾಗ ಡ್ಯಾಶ್‌ಬೋರ್ಡಿನ ಒಂದು ಬಟನ್ ಒತ್ತಿದರೆ ಮೇಲೇಳುತ್ತದೆ. ಶಾಕ್ ಅಬ್ಸಾರ್ಬರಿನ ಬಿಗಿಯೂ ರಸ್ತೆಗೆ ತಕ್ಕಂತೆ ಬದಲಾಗುತ್ತದೆ. ಈ ಕಾರಿನ ಚರ್ಮ, ಮರ, ಸ್ಟೀರಿಯೊಗಳನ್ನು ಇವತ್ತಿನ ಸಾಧಾರಣ ಕಾರುಗಳು ಹಿಂದೆ ಹಾಕಿವೆ. ಅವು ಇನ್ನೂ ಮುಟ್ಟಲಾಗದೆ ಉಳಿದಿರುವುದು ಈ ನಡೆ. ಅಂದರೆ ಅಗ್ಗಕ್ಕೆ ಸಿಕ್ಕ ಎಸ್-ಕ್ಲಾಸಿನಲ್ಲಿ ಕೊಳ್ಳಲು ಯೋಗ್ಯವಾಗಿ ಉಳಿದಿರುವ ವಸ್ತು ಇದೊಂದೇ. ಸ್ಪ್ರಿಂಗ್ ಹಾಕಿಸುವವರು ಮೊದಲು ಕಿತ್ತೆಸೆಯುವುದೂ ಅದನ್ನೇ.

ಅದು ಕೆಡುವ ಬಗೆಯಲ್ಲೇ ರಿಪೇರಿಯ ದಾರಿಯೂ ಅಡಗಿದೆ, ಹಾಗಾಗಿ ಇಲ್ಲಿ ನಿಧಾನಿಸಬೇಕು. ಮೊದಲು ಕೆಡುವುದು ಸಾಮಾನ್ಯವಾಗಿ ರಬ್ಬರು ಇಲ್ಲವೇ ಕೊಳವೆಯ ಕೊನೆಯ ಜೋಡಣೆ. ಸೋರಿಕೆ ಕೂದಲೆಳೆಯಷ್ಟೇ ಇರುತ್ತದೆ. ಇಳಿದ ಮೂಲೆಯನ್ನು ಎತ್ತಲು ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ, ಕಾಯುತ್ತದೆ, ಅದರ ಪಿಸ್ಟನ್ ರಿಂಗ್ ಸವೆಯುತ್ತದೆ. ಅದಕ್ಕೆ ವಿದ್ಯುತ್ ಕೊಡುವ ರಿಲೇಯ ಬಾಯಿ ಸುಟ್ಟು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಸಾಯುತ್ತದೆ. ಆಗ ಪರದೆಯ ಮೇಲೆ ಕಾರು ತೀರಾ ತಗ್ಗಿದೆ, ನಿಲ್ಲಿಸು ಎಂಬ ಕೆಂಪು ಸಂದೇಶ ಬರುತ್ತದೆ. ಮಾಲೀಕನ ಕಣ್ಣಿಗೆ ಬೀಳುವುದು ಸತ್ತ ಕಂಪ್ರೆಸರ್; ಅದನ್ನು ಬದಲಿಸುತ್ತಾನೆ. ಸೋರಿಕೆ ಹಾಗೇ ಇರುತ್ತದೆ, ಹೊಸದೂ ಕೆಲವೇ ತಿಂಗಳಲ್ಲಿ ಅದೇ ದಾರಿ ಹಿಡಿಯುತ್ತದೆ. ಎರಡನೆಯ ಕಂಪ್ರೆಸರ್ ಸುಟ್ಟ ಮೇಲೆ, ಈ ವ್ಯವಸ್ಥೆಯೇ ದರಿದ್ರದ್ದು, ನಮ್ಮ ಹವಾಮಾನಕ್ಕಲ್ಲ ಎಂಬ ತೀರ್ಪು ಹೊರಬೀಳುತ್ತದೆ. ಸ್ಪ್ರಿಂಗಿನ ಖ್ಯಾತಿ ನಿಂತಿರುವುದು ಈ ತೀರ್ಪಿನ ಮೇಲೆ, ತೀರ್ಪು ನಿಂತಿರುವುದು ಪತ್ತೆಯಾಗದ ಒಂದು ತೂತಿನ ಮೇಲೆ. ಕೆಟ್ಟದ್ದು ಯಾವುದೆಂದು ಕಂಡುಕೊಳ್ಳದೆ ಕೆಟ್ಟದ್ದೆಲ್ಲವನ್ನೂ ತೆಗೆದುಹಾಕಿದ್ದಕ್ಕೆ ರಿಪೇರಿ ಎಂಬ ಹೆಸರು ಸಲ್ಲುತ್ತದೆಯೇ ಎಂಬುದೇ ನನ್ನ ಮೂಲ ಪ್ರಶ್ನೆ.

ಸ್ಪ್ರಿಂಗ್ ಕೂರಿಸುವ ಕೆಲಸವನ್ನು ಒಮ್ಮೆ ಹಂತಹಂತವಾಗಿ ನೋಡೋಣ. ಅಮೆರಿಕದಲ್ಲಿ ಇದಕ್ಕೆಂದೇ ಕಿಟ್ ಮಾರುವ ಕಂಪನಿಗಳಿವೆ. ನಮ್ಮಲ್ಲಿ ಕಿಟ್ ತರಿಸುವವರೂ ಇದ್ದಾರೆ, ಬೇರೆ ಕಾರಿನ ಸ್ಪ್ರಿಂಗ್ ತಂದು ಲೇತಿನಲ್ಲಿ ಬಟ್ಟಲು ಕಡೆಸಿ ಹೊಂದಿಸುವವರೂ ಇದ್ದಾರೆ. ಚಕ್ರ ಬಿಚ್ಚಿ, ಗಾಳಿ ಇಳಿಸಿ, ಗಾಳಿ ಚೀಲವಿರುವ ಹಳೆಯ ಸ್ಟ್ರಟ್ ಕಳಚಿ, ಸ್ಪ್ರಿಂಗಿನದನ್ನು ಕೂರಿಸಿ ಬೋಲ್ಟು ಬಿಗಿದರೆ ಅರ್ಧ ಮುಗಿಯಿತು. ಈ ಅರ್ಧವನ್ನು ನಾನು ಸುಲಭದ್ದೆಂದು ತಳ್ಳಿಹಾಕುವುದಿಲ್ಲ, ಅದಕ್ಕೂ ಕೈ ಬೇಕು. ಆದರೆ ಉಕ್ಕಿನ ಸ್ಪ್ರಿಂಗಿಗೆ ಗೊತ್ತಿರುವುದು ಒಂದೇ ಭಾರ. ಒಬ್ಬನೇ ಕೂತಾಗ ಹಿತವಾಗಿರುವಂತೆ ಆರಿಸಿದರೆ ಸಂಸಾರ ಸಮೇತ ಲಗೇಜು ತುಂಬಿದ ದಿನ ಹಿಂಭಾಗ ನೆಲ ಹಿಡಿಯುತ್ತದೆ. ತುಂಬಿದ ಕಾರಿಗೆಂದು ಆರಿಸಿದರೆ ಉಳಿದ ದಿನವೆಲ್ಲ ಕುಲುಕಾಟ. ಮೇಲೆತ್ತುವ ಬಟನ್ ಸತ್ತುಹೋಗುತ್ತದೆ. ನುಣ್ಣನೆಯ ಹೆದ್ದಾರಿಯಲ್ಲಿ ಅದರ ಅಗತ್ಯ ಬೀಳದಿರಬಹುದು. ಅದಿರು ಲಾರಿಗಳು ಹೊಂಡ ಬೀಳಿಸಿದ ಸಂಡೂರಿನ ದಾರಿಗಳಲ್ಲಿ, ಪ್ರತಿ ಊರಿನ ಬಾಯಲ್ಲೂ ಮೊಣಕಾಲೆತ್ತರಕ್ಕೆ ಪೇರಿಸಿದ ಹಂಪ್ಸುಗಳ ಮೇಲೆ ಈ ಉದ್ದನೆಯ ಕಾರಿನ ಹೊಟ್ಟೆ ಉಳಿಸುವುದು ಆ ಬಟನ್ನೇ. ಇಲ್ಲಿಯ ರಸ್ತೆಗೆ ಗಾಳಿ ಸರಿಯಲ್ಲ, ಸ್ಪ್ರಿಂಗೇ ಸರಿ ಎನ್ನುವ ವಾದ ಇಲ್ಲಿಯ ರಸ್ತೆಯನ್ನು ನೋಡಿ ಹುಟ್ಟಿದ್ದಲ್ಲ.

ಇನ್ನರ್ಧ ಇದಕ್ಕಿಂತ ಗಂಭೀರ. ಗಾಳಿ ಚೀಲಗಳು ಹೋದವು. ಅವುಗಳನ್ನು ಕಾಯುವ ಕಂಟ್ರೋಲ್ ಯೂನಿಟ್ ಉಳಿದಿದೆ. ಅದಕ್ಕೆ ನಾಲ್ಕು ಮೂಲೆಯಿಂದ ಉತ್ತರ ಬರುತ್ತಿಲ್ಲ, ಹಾಗಾಗಿ ಎಚ್ಚರಿಕೆ ಕೊಡುತ್ತಲೇ ಇರುತ್ತದೆ. ಅದನ್ನು ಸುಮ್ಮನಾಗಿಸಲು ಒಂದು ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ ಜೋಡಿಸುತ್ತಾರೆ. ಎಲ್ಲ ಸರಿಯಾಗಿದೆ, ಗಾಳಿ ಇದೆ, ವಾಲ್ವ್ ತೆರೆಯುತ್ತಿದೆ ಎಂಬ ಸುಳ್ಳು ಸಂಕೇತವನ್ನು ಅದು ಕಾರಿಗೆ ಸದಾ ಉಣಿಸುತ್ತಿರುತ್ತದೆ. ಪರದೆ ಶುಭ್ರವಾಯಿತು ಎಂದು ಮಾಲೀಕನಿಗೆ ಸಮಾಧಾನ. ಈ ಪೆಟ್ಟಿಗೆಯನ್ನು ಜಾಣತನವೆಂದು ಮೆಚ್ಚುವುದನ್ನು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಂತ್ರ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವ ಬಾಯನ್ನು ಮುಚ್ಚಿ ಆ ಮೌನವನ್ನೇ ಆರೋಗ್ಯವೆಂದು ಮುಂದಿನ ಮಾಲೀಕನಿಗೆ ಮಾರುವುದು ಇದು. ಸಸ್ಪೆನ್ಷನ್ನಿನಲ್ಲಿ ಇದರ ಬೆಲೆ ಸ್ವಲ್ಪ ಕುಲುಕಾಟ, ಸ್ವಲ್ಪ ಟೈರು ಸವೆತವಷ್ಟೇ ಇರಬಹುದು. ಅದೇ ಕೈ, ಅದೇ ಅಭ್ಯಾಸ ಬ್ರೇಕಿಗೆ ಬಂದಾಗ ಏನಾಗುತ್ತದೆ? ಅದೇ ಕಾಲದ ಡಬ್ಲ್ಯು211 ಇ-ಕ್ಲಾಸಿನಲ್ಲಿ ಎಸ್‌ಬಿಸಿ ಎಂಬ ವಿದ್ಯುತ್ ಚಾಲಿತ ಬ್ರೇಕ್ ಇತ್ತು. 2004 ಮತ್ತು 2005ರಲ್ಲಿ ಕಂಪನಿ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿತು, 2006ರ ಹೊತ್ತಿಗೆ ಇ-ಕ್ಲಾಸಿನಿಂದ ಅದನ್ನು ತೆಗೆದೇ ಹಾಕಿತು. ಆ ಬ್ರೇಕಿನ ಘಟಕ ತಾನು ಎಷ್ಟು ಸಲ ಕೆಲಸ ಮಾಡಿದೆನೆಂದು ಎಣಿಸಿಕೊಳ್ಳುತ್ತದೆ. ಲೆಕ್ಕ ತುಂಬಿದಾಗ ಸಿ249ಎಫ್ ಎಂಬ ದೋಷಸಂಖ್ಯೆ ತೋರಿಸಿ ತನ್ನ ಆಯುಷ್ಯ ಮುಗಿಯಿತೆಂದು ಹೇಳುತ್ತದೆ. ಆ ಎಣಿಕೆಯನ್ನು ಲ್ಯಾಪ್‌ಟಾಪಿನಿಂದ ಸೊನ್ನೆಗೆ ತಿರುಗಿಸಿಕೊಡುವವರು ಈಗ ಸಿಗುತ್ತಾರೆ, ಅದೂ ಉಳಿತಾಯದ ಸಾಧನೆಗಳ ಪಟ್ಟಿಯಲ್ಲಿ ಸೇರಿದೆ. ಘಟಕ ಕೈಕೊಟ್ಟರೆ ಉಳಿಯುವುದು ಮುಂದಿನ ಚಕ್ರಗಳ ಬ್ರೇಕ್ ಮಾತ್ರ, ಅದೂ ಪೂರ್ತಿ ಕಾಲಿನ ಬಲದಲ್ಲಿ. ಸ್ಪ್ರಿಂಗಿನ ಪೆಟ್ಟಿಗೆಯೂ ಎಸ್‌ಬಿಸಿ ಎಣಿಕೆಯ ತಿದ್ದುಪಡಿಯೂ ಒಂದೇ ಮನಸ್ಸಿನ ಎರಡು ಕೆಲಸಗಳು. ಒಂದನ್ನು ಹೊಗಳುವವರಿಗೆ ಇನ್ನೊಂದನ್ನು ಬೈಯುವ ಹಕ್ಕು ಉಳಿಯುವುದಿಲ್ಲ.

ಹಾಗಾದರೆ ಒಳ್ಳೆಯ ರಿಪೇರಿ ಯಾವುದು? ಅದರ ಮಾದರಿ ಈ ಸೀಮೆಯ ಲಾರಿ ಗ್ಯಾರೇಜುಗಳಲ್ಲಿ ಮೊದಲಿಂದಲೂ ಇದೆ. ಅದಿರು ಲಾರಿಯ ಬ್ರೇಕ್ ಗಾಳಿಯಿಂದ ನಡೆಯುವಂಥದ್ದು. ಎಂಜಿನ್ನಿಗೆ ಜೋಡಿಸಿದ ಕಂಪ್ರೆಸರ್, ಟ್ಯಾಂಕು, ವಾಲ್ವು, ಕೊಳವೆ, ಚಕ್ರದ ಬಳಿ ರಬ್ಬರ್ ಡಯಾಫ್ರಮ್ ಇರುವ ಚೇಂಬರು: ಎಸ್-ಕ್ಲಾಸಿನ ಗಾಳಿ ವ್ಯವಸ್ಥೆಯಲ್ಲಿ ಇರುವ ಒಂದೊಂದು ಅಂಗಕ್ಕೂ ಇಲ್ಲಿ ಒಬ್ಬ ಅಣ್ಣನಿದ್ದಾನೆ. ಸಂಬಂಧ ಬರೀ ಹೋಲಿಕೆಯದೂ ಅಲ್ಲ. ಡಬ್ಲ್ಯು220ರ ಕಂಪ್ರೆಸರ್ ಮಾಡಿದ್ದು ವ್ಯಾಬ್ಕೊ ಕಂಪನಿ. ಚೆನ್ನೈನ ಸುಂದರಂ ಕ್ಲೇಟನ್‌ನ ಏರ್ ಬ್ರೇಕ್ ವಿಭಾಗ ಮುಂದೆ ವ್ಯಾಬ್ಕೊ ಇಂಡಿಯಾ ಆಯಿತು. ನಮ್ಮ ಲಾರಿಗಳ ಬ್ರೇಕ್ ವಾಲ್ವುಗಳ ಮೇಲೆ ಅದೇ ಹೆಸರಿದೆ. ಇನ್ನೂ ಹಿಂದೆ ಹೋದರೆ, 1954ರಲ್ಲಿ ಟೆಲ್ಕೊ ಲಾರಿ ತಯಾರಿಕೆ ಶುರುಮಾಡಿದ್ದೇ ಡೈಮ್ಲರ್-ಬೆಂಜ್ ಜೊತೆಗಿನ ಒಪ್ಪಂದದಿಂದ, ಮೂರು ಮೊನೆಯ ನಕ್ಷತ್ರ ಮೊದಲು ಈ ದೇಶದ ಹಳ್ಳಿಗಳನ್ನು ಮುಟ್ಟಿದ್ದು ಲಾರಿಯ ಮೂತಿಯ ಮೇಲೆ. ಈ ವಂಶಾವಳಿ ಗೊತ್ತಿಲ್ಲದವರಿಗೆ ಎಸ್-ಕ್ಲಾಸ್ ಒಂದು ಬಿಡಿಸಲಾಗದ ವಿದೇಶಿ ಗಂಟು. ಏರ್ ಬ್ರೇಕಿನ ಫಿಟ್ಟರಿಗೆ ಅದು ಸಣ್ಣ ಕೊಳವೆಗಳ, ಹೆಚ್ಚು ಸೂಕ್ಷ್ಮದ, ಗೊತ್ತಿರುವ ಕೆಲಸವೇ.

ಲಾರಿ ಚಾಲಕ ಬೆಳಿಗ್ಗೆ ಎಂಜಿನ್ ಶುರುಮಾಡಿದಾಗ ಗಾಳಿಯ ಮೀಟರ್ ನೋಡುತ್ತಾನೆ. ರಾತ್ರಿ ನಿಲ್ಲಿಸಿದಾಗ ಎಷ್ಟಿತ್ತು, ಈಗ ಎಷ್ಟಿದೆ ಎಂಬುದರಿಂದಲೇ ಸೋರಿಕೆ ಇದೆಯೋ ಇಲ್ಲವೋ ಅವನಿಗೆ ತಿಳಿಯುತ್ತದೆ. ಎಸ್-ಕ್ಲಾಸಿಗೆ ಬೇಕಾದದ್ದೂ ಇದೇ ಪರೀಕ್ಷೆ. ಸಂಜೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ನಾಲ್ಕು ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದು ಬರೆದಿಡಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮತ್ತೆ ಅಳೆಯಬೇಕು, ತೆರೆದರೆ ಕಾರು ಎಚ್ಚರಗೊಂಡು ತನ್ನ ಮಟ್ಟ ತಿದ್ದಲು ಹೊರಡುತ್ತದೆ. ಒಂದೇ ಮೂಲೆ ಇಳಿದಿದ್ದರೆ ಸಂಶಯ ಆ ಸ್ಟ್ರಟ್, ಅದರ ಕೊಳವೆ, ಅದರ ತಿರುಪಿನ ಮೇಲೆ. ಮೂಲೆಗಳು ದಿನಕ್ಕೊಂದು ರೀತಿ ಇಳಿಯುತ್ತಿದ್ದರೆ ವಾಲ್ವ್ ಬ್ಲಾಕಿನ ಮೇಲೆ. ಯಾವುದೂ ಇಳಿಯದೆ ಕಾರು ಮೇಲೇಳುವುದೂ ಇಲ್ಲವೆಂದರೆ ರಿಲೇ, ಫ್ಯೂಸು, ಕಂಪ್ರೆಸರ್. ಮನೆಯಂಗಳದ ನಿಜವಾದ ಬಲ ಇಲ್ಲಿದೆ. ಅಧಿಕೃತ ಸರ್ವಿಸ್ ಕೇಂದ್ರ ಗಂಟೆಗೆ ಇಷ್ಟೆಂದು ಕೂಲಿ ಹಾಕುತ್ತದೆ, ಒಂದು ಸೋರಿಕೆಗಾಗಿ ನಾಲ್ಕು ರಾತ್ರಿ ಕಾಯುವುದು ಅದಕ್ಕೆ ಕಟ್ಟುವುದಿಲ್ಲ, ಇಡೀ ಸ್ಟ್ರಟ್ ಬದಲಿಸುವುದು ಅದರ ಲೆಕ್ಕಕ್ಕೆ ಸರಿ. ಮನೆಯಲ್ಲಿ ರಾತ್ರಿಗಳು ಪುಕ್ಕಟೆ. ಮನೆ ರಿಪೇರಿಯನ್ನು ಹೊಗಳಬೇಕಾದರೆ ಈ ಕಾಯುವಿಕೆಯನ್ನು ಹೊಗಳಬೇಕಿತ್ತು. ಹೊಗಳುವವರು ತೋರಿಸುವುದು ಮಾತ್ರ ಒಂದೇ ದಿನದಲ್ಲಿ ಮುಗಿದ ಕೆಲಸವನ್ನು, ಮನೆಯಲ್ಲೂ ಸರ್ವಿಸ್ ಕೇಂದ್ರದ ಅವಸರವನ್ನೇ ನಕಲು ಮಾಡಿದ್ದನ್ನು.

ಮೂಲೆ ಗೊತ್ತಾದ ಮೇಲೆ ಸೋಪಿನ ನೀರು. ಇದು ಎಲ್ಲರಿಗೂ ಗೊತ್ತಿರುವ ಉಪಾಯ, ಎಲ್ಲರೂ ತಪ್ಪಾಗಿ ಮಾಡುವ ಉಪಾಯ ಕೂಡ. ಜಾಕಿ ಕೊಟ್ಟು ಕಾರೆತ್ತಿ, ಚಕ್ರ ಬಿಚ್ಚಿ, ಜೋಲುಬಿದ್ದ ಸ್ಟ್ರಟ್ಟಿಗೆ ಸೋಪಿನ ನೀರು ಹೊಡೆದು, ಗುಳ್ಳೆ ಬರಲಿಲ್ಲ, ಸ್ಟ್ರಟ್ ಚೆನ್ನಾಗಿದೆ ಎನ್ನುತ್ತಾರೆ. ಚೀಲದ ರಬ್ಬರು ಮಡಚಿಕೊಂಡು ಕೂರುವಂಥದ್ದು. ಕಾರು ತನ್ನ ಭಾರ ಹೊತ್ತು ನಿಂತಾಗ ಮಡಿಕೆ ಬೀಳುವ ಜಾಗದಲ್ಲೇ ವರ್ಷಾನುಗಟ್ಟಲೆ ಬಾಗಿ ಬಿರುಕು ಬಿಟ್ಟಿರುತ್ತದೆ. ಜಾಕಿಯ ಮೇಲೆ ಸ್ಟ್ರಟ್ ನೀಳವಾದಾಗ ಆ ಮಡಿಕೆ ಬಿಚ್ಚಿಕೊಂಡು ಬಿರುಕು ಬೇರೆಡೆಗೆ ಸರಿಯುತ್ತದೆ, ಒತ್ತಡವೂ ಇಳಿದಿರುತ್ತದೆ, ಗುಳ್ಳೆ ಬರುವುದಿಲ್ಲ. ಸರಿಯಾದ ಕ್ರಮವೆಂದರೆ ಕಾರು ತನ್ನ ಕಾಲ ಮೇಲೆ ನಿಂತಿರುವಾಗ, ಸಾಧಾರಣ ಎತ್ತರದಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಹಿಂದೆ ಜಾಗ ಮಾಡಿಕೊಂಡು ನೋಡುವುದು. ಮೊದಲು ಮೇಲ್ತುದಿಯ ಗಾಳಿ ತಿರುಪು, ಆಮೇಲೆ ಧೂಳು ತಡೆಯುವ ಹೊದಿಕೆ ಸರಿಸಿ ಮಡಿಕೆ. ಎತ್ತುವ ಬಟನ್ ಒತ್ತಿ ಇನ್ನೊಂದು ಎತ್ತರದಲ್ಲೂ ನೋಡಬೇಕು. ಇಷ್ಟು ಮಾಡಿದವರಿಗೆ ಹಲವು ಸಲ ಸಿಗುವ ಉತ್ತರ ಅಗ್ಗದ್ದೇ: ಒಂದು ಒ-ರಿಂಗ್, ಒಂದು ಹಿತ್ತಾಳೆಯ ತಿರುಪು, ವಾಲ್ವ್ ಬ್ಲಾಕಿನೊಳಗಿನ ರಬ್ಬರುಗಳು, ಕಂಪ್ರೆಸರಿನ ಪಿಸ್ಟನ್ ರಿಂಗ್. ಕೊನೆಯದಕ್ಕೆ ರಿಪೇರಿ ಕಿಟ್ಟೇ ಸಿಗುತ್ತದೆ. ಲಾರಿಯ ಬ್ರೇಕ್ ವಾಲ್ವನ್ನು ಕಿಟ್ ಹಾಕಿ ಮತ್ತೆ ಬದುಕಿಸುವ ಫಿಟ್ಟರಿಗೆ ಇದನ್ನು ಕಲಿಸಬೇಕಾದವರು ಯಾರೂ ಇಲ್ಲ. ಮತ್ತು ಅವನು ಗಾಳಿ ಕಡಿಮೆಯಾದಾಗ ಕೂಗುವ ಬಜರಿನ ವೈರ್ ಕತ್ತರಿಸುವುದಿಲ್ಲ, ಗಾಳಿ ಇಲ್ಲದ ಲಾರಿ ಇಳಿಜಾರಿನಲ್ಲಿ ಏನು ಮಾಡುತ್ತದೆಂದು ಅವನಿಗೆ ಗೊತ್ತು.

ಖರ್ಚಿನ ಆಕ್ಷೇಪಣೆ ನ್ಯಾಯವಾದದ್ದೇ. ನಾಲ್ಕು ಹೊಸ ಅಸಲಿ ಸ್ಟ್ರಟ್ಟುಗಳಿಗೆ ಕಾರು ಕೊಂಡಷ್ಟೇ ದುಡ್ಡು ಬೇಕಾಗಬಹುದು. ಆದರೆ ನಾಲ್ಕೂ ಒಟ್ಟಿಗೆ ಹೋಗುವುದು ಅಪರೂಪ. ನಾಲ್ಕೂ ಹೋಗಿವೆ ಎನ್ನುವುದು ಹುಡುಕದವನ ಅಂದಾಜು. ನಿಜಕ್ಕೂ ಒಡೆದದ್ದನ್ನು ಹೊಸ ರಬ್ಬರು ಕಟ್ಟಿಸಿ ತರಬಹುದು, ಗುಜರಿಗೆ ಬಂದ ಅದೇ ಮಾದರಿಯ ಕಾರಿನಿಂದ ಬೆಂಗಳೂರಿನ ಶಿವಾಜಿನಗರದಲ್ಲೋ ಚೆನ್ನೈನ ಪುದುಪೇಟೆಯಲ್ಲೋ ಹುಡುಕಬಹುದು. ಬಿಸಿಲು, ಧೂಳಿನ ಆಕ್ಷೇಪಣೆ ಇನ್ನೂ ಬಲವಾದದ್ದು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ರಬ್ಬರು ಬೇಗ ಒಣಗುತ್ತದೆ. ಅದಿರಿನ ನುಣ್ಣನೆಯ ಕೆಂಪು ಪುಡಿ ಮಡಿಕೆಯೊಳಗೆ ಸೇರಿ ಉಜ್ಜುತ್ತದೆ. ಒಪ್ಪಬೇಕಾದದ್ದೇ. ಇದರಿಂದ ಸಾಬೀತಾಗುವುದು ಹೊದಿಕೆಯನ್ನು ಕಾಪಾಡಬೇಕು, ಮಡಿಕೆಯನ್ನು ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ತೊಳೆಯಬೇಕು, ಕಾರನ್ನು ನೆರಳಲ್ಲಿ ನಿಲ್ಲಿಸಬೇಕು ಎಂಬುದು. ಚೀಲವೇ ಬೇಡ ಎಂಬುದಲ್ಲ. ಬೆಂಗಳೂರಿಗೆ ರಾತ್ರಿ ಹೊರಡುವ ದೊಡ್ಡ ಬಸ್ಸುಗಳು ಇದೇ ಬಿಸಿಲಲ್ಲಿ ಗಾಳಿ ಚೀಲದ ಮೇಲೆ ಓಡುತ್ತಿವೆ, ಅವಕ್ಕೆ ಯಾರೂ ಸ್ಪ್ರಿಂಗ್ ಹಾಕಿಸುವುದಿಲ್ಲ. ಬಿಡಿಭಾಗ ಸಿಗುವುದೇ ನಿಂತ ದಿನ, ಹುಡುಕಿ ಸೋತ ಮೇಲೆ, ಸ್ಪ್ರಿಂಗ್ ಹಾಕಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದನ್ನು ಸೋಲೆಂದೇ ಕರೆಯಬೇಕು.

ಈ ಪರಿಪಾಠವನ್ನು ಬೇರೊಂದು ದಿಕ್ಕಿನಿಂದ ತಿರಸ್ಕರಿಸುವವರ ಜೊತೆ ನನಗೆ ಇನ್ನೂ ದೊಡ್ಡ ಜಗಳವಿದೆ. ಗಣಿ ಕಾಲದ ಬಗ್ಗೆ ಬರೆಯುವವರಿಗೆ ದೊಡ್ಡ ಕಾರು ಒಂದು ಸಿದ್ಧ ಸಂಕೇತವಾಗಿಬಿಟ್ಟಿದೆ. ಕೆಂಪು ಧೂಳು ಮೆತ್ತಿದ ಮರ್ಸಿಡಿಸ್ ಎಂದರೆ ದುರಾಸೆ. ಅದು ಕೆಟ್ಟು ನಿಂತಿದ್ದರೆ ದುರಾಸೆಗೆ ಬಂದ ಗತಿ. ಅದನ್ನು ಯಾರಾದರೂ ರಿಪೇರಿ ಮಾಡುತ್ತಿದ್ದರೆ ಲೂಟಿಯ ದಿನಗಳಿಗೆ ಹಂಬಲಿಸುವ ಶೋಕಿ. ಈ ಓದು ಎಷ್ಟು ಸಲೀಸೆಂದರೆ ಬಾನೆಟ್ ಎತ್ತಿ ನೋಡುವ ಅಗತ್ಯವೇ ಬೀಳುವುದಿಲ್ಲ. ಲೂಟಿ ನಡೆಯಿತು, ಅದರ ಲೆಕ್ಕ ವರದಿಯಲ್ಲಿದೆ, ನ್ಯಾಯಾಲಯದಲ್ಲಿದೆ. ಅದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಕೇಳುವುದಿಷ್ಟೇ: ಆ ವರ್ಷಗಳನ್ನು ಬರೆದವರು ಮಾಲೀಕರನ್ನು ಬಿಟ್ಟು ಇನ್ಯಾರನ್ನು ಎಣಿಸಿದ್ದಾರೆ? ಸಾವಿರಾರು ಲಾರಿಗಳು ಹಗಲೂ ರಾತ್ರಿ ಓಡಿದ್ದು ಯಾರ ಕೈಯಿಂದ? ಹೊಸಪೇಟೆಯ, ಸಂಡೂರಿನ, ತೋರಣಗಲ್ಲಿನ ರಸ್ತೆಬದಿಯ ಗ್ಯಾರೇಜುಗಳಲ್ಲಿ ಪಾಟಾ ಕಟ್ಟಿದ, ಏರ್ ಲೀಕ್ ಹಿಡಿದ, ಡೀಸೆಲ್ ಪಂಪ್ ಬಿಚ್ಚಿದ ಹುಡುಗರು ಗುತ್ತಿಗೆದಾರರಲ್ಲ. 2011ರ ಜುಲೈಯಲ್ಲಿ ಲಾರಿಗಳು ನಿಂತಾಗ ಅವರ ಕೆಲಸವೂ ನಿಂತಿತು, ಅವರಿಗೆ ಮಾರಿಕೊಳ್ಳಲು ಕಾರುಗಳಿರಲಿಲ್ಲ. ಗಣಿ ಈ ಸೀಮೆಯಲ್ಲಿ ಹೊಂಡಗಳನ್ನು ಬಿಟ್ಟುಹೋಯಿತು, ಕೈಕೆಲಸವನ್ನೂ ಬಿಟ್ಟುಹೋಯಿತು. ಹೊಂಡಗಳ ಮೇಲೆ ಪುಸ್ತಕ ಬಂದಿವೆ, ಕೈಕೆಲಸದ ಬಗ್ಗೆ ಒಂದು ಒಳ್ಳೆಯ ಲೇಖನ ಕಾಣೆ. ದುರಾಸೆಯ ಸಂಕೇತವೆಂದು ಕಾರನ್ನು ತುಕ್ಕು ಹಿಡಿಯಲು ಬಿಟ್ಟರೆ ಶಿಕ್ಷೆಯಾಗುವುದು ಅದನ್ನು ಮೊದಲು ಕೊಂಡವನಿಗಲ್ಲ, ಅವನು ಎಂದೋ ಅದನ್ನು ಕೈಬಿಟ್ಟ. ಕಳೆದುಹೋಗುವುದು ಅದನ್ನು ಬಿಚ್ಚಿ ಓದಬಲ್ಲವನ ಕೆಲಸ.

ದರೋಜಿ ಎಂದರೆ ಹೊರಗಿನವರಿಗೆ ಕೆರೆ, 1994ರ ಕರಡಿಧಾಮ, ಮತ್ತು ಬುರ್ರಕಥೆಯ ಈರಮ್ಮ. ಅಕ್ಷರ ಬಾರದ ಈರಮ್ಮನವರ ಬಾಯಲ್ಲಿದ್ದ ಕಾವ್ಯ ಎಂಥ ಸಂಪತ್ತೆಂದು ಗೊತ್ತಾಗಲು ಯಾರೋ ಕೂತು ಕೇಳಿ ಬರೆದುಕೊಳ್ಳಬೇಕಾಯಿತು. ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ನಮ್ಮ ವಿಮರ್ಶೆ ಬಾಯಿಮಾತಿನ ವಿದ್ಯೆಯನ್ನು ಗುರುತಿಸಲು ಹೀಗೆ ಕಲಿತಿದೆ, ಅದು ನಮ್ಮ ಹೆಮ್ಮೆ. ಕೈಯಲ್ಲಿರುವ ವಿದ್ಯೆಗೆ ಅದೇ ಕಿವಿ ಕೊಡಲು ಯಾಕೆ ಹಿಂಜರಿಕೆ? ಜೇಡಿಮಣ್ಣಿನದೋ ಮಗ್ಗದ್ದೋ ಆದರೆ ಕರಕುಶಲ, ಗ್ರೀಸಿನದಾದರೆ ಬರೀ ಹೊಟ್ಟೆಪಾಡು ಎಂಬ ವಿಂಗಡಣೆಗೆ ನನಗೆ ಯಾವ ಆಧಾರವೂ ಕಾಣುತ್ತಿಲ್ಲ. ಕತ್ತಲಲ್ಲಿ ಕಿವಿಯಿಟ್ಟು ಯಾವ ಕೊಳವೆಯಿಂದ ಗಾಳಿ ಹೋಗುತ್ತಿದೆ ಎಂದು ಹೇಳುವವನ ಜ್ಞಾನ ಯಾವ ಕೈಪಿಡಿಯಲ್ಲೂ ಇಲ್ಲ. ಮನೆಯಂಗಳದ ಎಸ್-ಕ್ಲಾಸ್ ಆ ಜ್ಞಾನಕ್ಕೆ ಸಿಕ್ಕಿರುವ ಹೊಸ ಪರೀಕ್ಷೆ, ಹೊಸ ಕೂಲಿ. ಸ್ಪ್ರಿಂಗ್ ಹಾಕಿದ ಕ್ಷಣ ಅವನ ಅಗತ್ಯವೇ ಮುಗಿಯುತ್ತದೆ.

ಅಸಲಿ ಭಾಗ, ಅಧಿಕೃತ ಮುದ್ರೆ ಇಲ್ಲದ್ದೆಲ್ಲ ಹಾಳು ಎನ್ನುವ ನಗರದ ಶುದ್ಧವಾದಿಗಳನ್ನೂ ನಾನು ಒಪ್ಪುವುದಿಲ್ಲ, ಆದರೆ ಅವರಿಗೆ ಉತ್ತರ ಚಿಕ್ಕದು. ಹಂಪಿಯ ವಿಠ್ಠಲ ದೇಗುಲದಲ್ಲಿ ಬಿರುಕು ಬಿಟ್ಟ ತೊಲೆಗಳಿಗೆ ಪುರಾತತ್ತ್ವ ಇಲಾಖೆಯವರು ಕೆತ್ತನೆಯಿಲ್ಲದ ಸಾದಾ ಆಸರೆ ಕೊಟ್ಟಿದ್ದಾರೆ. ನೋಡಿದವರಿಗೆ ಇದು ಹೊಸದೆಂದು ತಿಳಿಯುತ್ತದೆ, ತಿಳಿಯಲೆಂದೇ ಹಾಗೆ ಮಾಡುವುದು. ಉಳಿಸಬಹುದಾದದ್ದನ್ನು ಉಳಿಸು, ಸೇರಿಸಿದ್ದನ್ನು ಮರೆಮಾಚಬೇಡ ಎಂಬ ನಿಯಮ ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿಯ ಕಾಲದಿಂದ ಆ ಇಲಾಖೆಯಲ್ಲಿದೆ, 1964ರ ವೆನಿಸ್ ಸನ್ನದಿನಲ್ಲೂ ಇದೆ. ಅಂಗಳದ ರಿಪೇರಿಗೂ ಇದೇ ಅಳತೆಗೋಲು ಸಾಕು. ಫಿಟ್ಟರ್ ಕಟ್ಟಿಸಿದ ರಬ್ಬರ್ ಅಸಲಿಯಲ್ಲ, ಆದರೆ ಅದು ಚೀಲದ ಕೆಲಸವನ್ನೇ ಮಾಡುತ್ತದೆ, ಸೋರಿದರೆ ಸೋರಿದೆ ಎಂದು ಕಾರು ಹೇಳುತ್ತದೆ. ಸ್ಪ್ರಿಂಗ್ ಮತ್ತು ಅದರ ಪೆಟ್ಟಿಗೆ ಸೇರಿ ಮಾಡುವುದು ಮರೆಮಾಚುವ ಕೆಲಸ.

ಈಗಾಗಲೇ ಸ್ಪ್ರಿಂಗ್ ಬಿದ್ದಿರುವ ಕಾರುಗಳು ಹೊಸಪೇಟೆ, ಬಳ್ಳಾರಿ, ಹುಬ್ಬಳ್ಳಿಯ ಮಾರಾಟಕ್ಕೆ ಬರುತ್ತಲೇ ಇರುತ್ತವೆ, ಪರದೆ ಶುಭ್ರವಾಗಿ, ಬೆಲೆ ತುಸು ಹೆಚ್ಚಾಗಿ. ಕೊಳ್ಳುವವರು ಬಾನೆಟ್ ಎತ್ತುವ ಮುಂಚೆ ಎಂಜಿನ್ ಶುರುಮಾಡಿ ಆ ಎತ್ತುವ ಬಟನ್ ಒಮ್ಮೆ ಒತ್ತಬೇಕು. ಗಾಳಿ ವ್ಯವಸ್ಥೆ ಚೆನ್ನಾಗಿದ್ದರೆ ಕಾರು ಕೆಲವೇ ಹೊತ್ತಿನಲ್ಲಿ ಮೇಲೇಳುತ್ತದೆ. ಕೆಟ್ಟಿದ್ದರೆ ಕಾರು ಹಾಗೆಂದು ಹೇಳುತ್ತದೆ, ಅಂಥದನ್ನು ಧೈರ್ಯವಾಗಿ ಚೌಕಾಸಿ ಮಾಡಿ ಕೊಳ್ಳಬಹುದು, ದುರಸ್ತಿಗೆ ಇನ್ನೂ ಏನೋ ಉಳಿದಿದೆ. ಕಾರು ಏಳಲೂ ಇಲ್ಲ, ಏನೂ ಹೇಳಲೂ ಇಲ್ಲ ಎಂದರೆ ಕೆಳಗೆ ಬಗ್ಗಿ, ಚಕ್ರದ ಹಿಂದೆ ಟಾರ್ಚ್ ಬಿಟ್ಟು, ರಬ್ಬರಿನ ಬದಲು ಉಕ್ಕಿನ ಸುರುಳಿ ಕಾಣುತ್ತದೆಯೇ ನೋಡಿ. ಕಂಡರೆ ಮಾರುವವನನ್ನು ಕೇಳಬೇಕಾದದ್ದು ಒಂದೇ: ಕಿತ್ತ ನಾಲ್ಕು ಸ್ಟ್ರಟ್ಟುಗಳು ಎಲ್ಲಿವೆ, ಅವುಗಳಲ್ಲಿ ಸೋರುತ್ತಿದ್ದದ್ದು ಯಾವುದು.